ಎಕ್ಸ್ ಜ್ವಾಲೆ ಎದ್ದರೂ ಬಿರುಗಾಳಿ ಏಕಿಲ್ಲ?

ಪ್ರಶ್ನೆ: ಎಕ್ಸ್ ದರ್ಜೆಯ ಸೌರಜ್ವಾಲೆ ಎದ್ದಿದೆಯೆಂದು ಸುದ್ದಿ ಬಂತು. ಆ ಮಧ್ಯಾಹ್ನ ನನ್ನ ಹ್ಯಾಮ್ ರೇಡಿಯೊ ಅರ್ಧ ಗಂಟೆ ಮೂಕವಾಯಿತು. ಆದರೆ ಎರಡು ದಿನ ಕಾದರೂ ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ 3 ದಾಟಲಿಲ್ಲ. ಬಿರುಗಾಳಿ ಬರುತ್ತದೆಂಬ ಮುನ್ಸೂಚನೆ ತಪ್ಪೇ?
– ಓದುಗರು, ಹಾಸನ

ಉತ್ತರ: ತಪ್ಪಲ್ಲ. ಜ್ವಾಲೆ ಬೇರೆ, ಭೂಕಾಂತೀಯ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಕಲಕಾಟ) ಬೇರೆ. ಪತ್ರಿಕೆಗಳು ಎರಡನ್ನೂ ಒಂದೇ ಮಾಡಿಬಿಡುತ್ತವೆ. ಜ್ವಾಲೆಗೆ ಕೊಡುವ ಎಂ, ಎಕ್ಸ್ ದರ್ಜೆಗಳು ಎಕ್ಸ್-ಕಿರಣದ ಪ್ರಖರತೆಯ ಅಳತೆ ಮಾತ್ರ; ಎಂ1ರ ಹತ್ತು ಪಟ್ಟು ಎಕ್ಸ್1. ಆ ಕಿರಣ 8 ನಿಮಿಷದಲ್ಲಿ ಇಲ್ಲಿಗೆ ಮುಟ್ಟಿ, ಹಗಲಿರುವ ಕಡೆ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುತ್ಕಣಗಳ ವಲಯ) ಕೆಳಗಿನ ಡಿ ಪದರವನ್ನು ದಟ್ಟವಾಗಿಸುತ್ತದೆ. ಅದು ಕಿರುತರಂಗಗಳನ್ನು ನುಂಗುತ್ತದೆ. ಇನ್ನೊಮ್ಮೆ ಹೀಗಾದರೆ ಆಂಟೆನಾ ಬಿಚ್ಚಬೇಡಿ, ಹೆಚ್ಚಿನ ಆವರ್ತನದ ಬ್ಯಾಂಡಿಗೆ ಹೋಗಿ ನೋಡಿ.

ಬಿರುಗಾಳಿಗೆ ಬೇಕಾದದ್ದು ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಚಿಮ್ಮುವ ಪ್ಲಾಸ್ಮಾ ಮೋಡ, ಅಂದರೆ ಸಿಎಂಇ. ಜ್ವಾಲೆಯೊಡನೆ ಅದು ಹೊಮ್ಮಲೇಬೇಕೆಂದಿಲ್ಲ; ಹೊಮ್ಮಿದರೂ ನಮ್ಮತ್ತಲೇ ಬರಬೇಕೆಂದಿಲ್ಲ. ಬಂದರೆ ಸಾಮಾನ್ಯವಾಗಿ 1ರಿಂದ 3 ದಿನ ಹಿಡಿಯುತ್ತದೆ.

ಕಗ್ಗಂಟಿರುವುದು ಮೋಡದೊಳಗಿನ ಕಾಂತಕ್ಷೇತ್ರದ ದಿಕ್ಕಿನಲ್ಲಿ. ಅದರ ಉತ್ತರ-ದಕ್ಷಿಣ ಭಾಗವಾದ ಬಿಝಡ್ ಅಂಶ ದಕ್ಷಿಣಕ್ಕೆ ತಿರುಗಿ, ಮೈನಸ್ 10 ನ್ಯಾನೊಟೆಸ್ಲಾಕ್ಕಿಂತ (ಕಾಂತಕ್ಷೇತ್ರದ ಅಳತೆಯ ಮಾನ) ಕೆಳಗೆ ಕೆಲವು ಗಂಟೆ ನಿಂತರೆ ಬಿರುಗಾಳಿ ಏಳುತ್ತದೆ. ಉತ್ತರಕ್ಕಿದ್ದರೆ ವೇಗದ ಮೋಡವೂ ಠುಸ್ ಆಗುತ್ತದೆ. ಇದನ್ನು ನೇರವಾಗಿ ಅಳೆಯುವುದು ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ನೌಕೆಗಳು. ನಮ್ಮ ಆದಿತ್ಯ-ಎಲ್1 ಇರುವುದೂ ಅಲ್ಲೇ. ಹಾಗಾಗಿ ಖಚಿತ ಎಚ್ಚರಿಕೆ ಸಿಗುವುದು ಬರೀ 15ರಿಂದ 60 ನಿಮಿಷ ಮೊದಲು. ಇವೆಲ್ಲ ಕೂಡಿಬಂದ 2024ರ ಮೇ 10ರಂದು ಕೆಪಿ 9 ಮುಟ್ಟಿ, ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತ್ತು.