ಸರ್ವರ್ ಹೊಸ ಯೂನಿಟ್‌ಗೆ ಹೋಯ್ತು, ಲಾಗಿನ್ ಯಾಕೆ ಒದ್ದಾಡ್ತಿದೆ?

ಪ್ರಶ್ನೆ: ಸಾರ್, ನಮ್ದು ತುಮಕೂರು. ಬಿ.ಎಚ್. ರಸ್ತೇಲಿ ಹೆಡ್ ಆಫೀಸು, ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಸ ಯೂನಿಟ್. ಹೆಡ್ ಆಫೀಸಲ್ಲಿ ಆಕ್ಟಿವ್ ಡೈರೆಕ್ಟರಿದು (ಆಫೀಸಿನ ಯೂಸರ್, ಪಾಸ್‌ವರ್ಡ್ ಎಲ್ಲ ಇಡೋ ವ್ಯವಸ್ಥೆ) ಎರಡು ಡೊಮೈನ್ ಕಂಟ್ರೋಲರ್ (ಅದನ್ನ ನಡೆಸೋ, ಲಾಗಿನ್ ನೋಡ್ಕೊಳ್ಳೋ ಸರ್ವರ್) ಇತ್ತು, ಅದ್ರಲ್ಲಿ ಒಂದನ್ನ ಯೂನಿಟ್‌ಗೆ ತಗೊಂಡೋಗಿ 192.168.1.12 ಇದ್ದ ಐಪಿನ 192.168.20.12 ಮಾಡಿದ್ವಿ. ಮಧ್ಯೆ ವಿಪಿಎನ್ ಇದೆ, ಪಿಂಗ್ ಎರಡೂ ಕಡೆಯಿಂದ ಹೋಗುತ್ತೆ. ಸೈಟ್ಸ್ ಅಂಡ್ ಸರ್ವಿಸಸ್‌ನಲ್ಲಿ (ಯಾವ ಸರ್ವರ್ ಯಾವ ಜಾಗದಲ್ಲಿದೆ ಅಂತ ಡೈರೆಕ್ಟರಿಗೆ ಹೇಳೋ ಟೂಲ್) ಹೊಸ ಸೈಟ್ ಮಾಡಿ ಸರ್ವರ್‌ನ ಅದಕ್ಕೆ ಮೂವ್ ಮಾಡಿದ್ದೂ ಆಯ್ತು. ಆದ್ರೂ ಯೂನಿಟ್‌ನವರಿಗೆ ಬೆಳಗ್ಗೆ ಲಾಗಿನ್ ಆಗೋಕೆ ತುಂಬಾ ಹೊತ್ತು ಹಿಡಿಯುತ್ತೆ. ಹೆಡ್ ಆಫೀಸಲ್ಲಿ ಬೆಳಗ್ಗೆ ಮಾಡಿದ ಯೂಸರ್ ಯೂನಿಟ್‌ನಲ್ಲಿ ಮಧ್ಯಾಹ್ನ ಕಾಣಿಸ್ಕೊಳ್ತಾನೆ, ಯೂನಿಟ್‌ನಲ್ಲಿ ಮಾಡಿದ್ದಂತೂ ಹೆಡ್ ಆಫೀಸಿಗೆ ಬರೋದೇ ಇಲ್ಲ. ವೆಂಡರ್ ನೋಡಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ ಅಂತಿದಾರೆ. ಒಪ್ಕೊಳ್ಳೋದಾ?
— ಒಬ್ಬ ಸಿಸ್ಟಮ್ ಅಡ್ಮಿನ್, ತುಮಕೂರು

ಉತ್ತರ: ದಯವಿಟ್ಟು ಒಪ್ಕೋಬೇಡಿ. ನೀವು ಬರ್ದಿರೋದು ಓದಿದ್ರೆ ಆ ಮೆಷಿನ್ ಕೆಟ್ಟಿಲ್ಲ, ಅದು ಎಲ್ಲಿದೆ ಅನ್ನೋದು ಉಳಿದವ್ರಿಗೆ ಗೊತ್ತಾಗಿಲ್ಲ ಅಷ್ಟೆ. ಮನೆ ಬದಲಾಯಿಸಿ ರೇಷನ್ ಕಾರ್ಡಲ್ಲಿ ಹಳೇ ವಿಳಾಸನೇ ಬಿಟ್ಟಂಗೆ. ಡೊಮೈನ್ ಕಂಟ್ರೋಲರ್‌ನ ವಿಳಾಸ ಬರೀ ನೆಟ್‌ವರ್ಕ್ ಕಾರ್ಡಲ್ಲಿ ಇರಲ್ಲ, ಹೆಸರು ಕೊಟ್ರೆ ಐಪಿ ಹೇಳೋ ಡಿಎನ್‌ಎಸ್‌ನಲ್ಲೂ ಇರುತ್ತೆ, ಸೈಟ್ಸ್ ಅಂಡ್ ಸರ್ವಿಸಸ್ ಒಳಗೂ ಇರುತ್ತೆ. ನೀವು ಕಾರ್ಡಿಂದು ಪೂರ್ತಿ ಬದಲಾಯಿಸಿದೀರ, ಸೈಟಿಂದು ಅರ್ಧ ಮಾಡಿದೀರ, ಡಿಎನ್‌ಎಸ್ ಬಹುಶಃ ಹಂಗೇ ಇದೆ. ಫಾರ್ಮ್ಯಾಟ್ ಮಾಡಿ ಹೊಸದು ಹಾಕಿದ್ರೂ ಅದೇ ವಿಪಿಎನ್, ಅದೇ ಡಿಎನ್‌ಎಸ್, ಅದೇ ತೊಂದ್ರೆ. ಜೊತೆಗೆ ಸರಿಯಾಗಿ ಡಿಮೋಟ್ ಮಾಡ್ದೆ (ಡೊಮೈನ್ ಕಂಟ್ರೋಲರ್ ಕೆಲಸದಿಂದ ಬಿಡಿಸ್ದೆ) ಒರೆಸಿದ್ರೆ ಸತ್ತ ಸರ್ವರ್‌ನ ಮೆಟಾಡೇಟಾ, ಅಂದ್ರೆ ಅದರ ದಾಖಲೆಗಳು, ಡೈರೆಕ್ಟರಿಲೇ ಉಳ್ಕೊಂಡು ಅದನ್ನ ಕ್ಲೀನ್ ಮಾಡೋ ಇನ್ನೊಂದು ಕೆಲಸ ನಿಮ್ ತಲೆ ಮೇಲೆ ಬೀಳುತ್ತೆ.

ಮೊದಲು ಯೂನಿಟ್‌ನಿಂದ ಹೆಡ್ ಆಫೀಸಿಗೆ ಏನೂ ಬರ್ತಿಲ್ಲ ಅನ್ನೋದನ್ನ ಹಿಡ್ಕೊಳ್ಳಿ, ಇದೇ ದೊಡ್ಡದು. ರೆಪ್ಲಿಕೇಷನ್‌ನಲ್ಲಿ (ಸರ್ವರ್‌ಗಳು ಬದಲಾವಣೆ ಹಂಚ್ಕೊಳ್ಳೋದು) ಒಂದು ಸರ್ವರ್ ಇನ್ನೊಂದಕ್ಕೆ ಕಳಿಸೋದಲ್ಲ, ಬೇಕಾದವ್ರು ಹೋಗಿ ಎಳ್ಕೊಳ್ಳೋದು. ಅಂದ್ರೆ ಹೆಡ್ ಆಫೀಸಿನ ಸರ್ವರ್ ಯೂನಿಟ್ ಸರ್ವರ್ ಹತ್ರ ಹೋಗೋಕೆ ಆಗ್ತಿಲ್ಲ ಅಂತ ಅರ್ಥ. ಹೆಡ್ ಆಫೀಸಿನ ಸರ್ವರ್‌ನಲ್ಲಿ ರೆಪ್ಲಿಕೇಷನ್ ಹೇಗಿದೆ ಅಂತ ತೋರ್ಸೋ ರೆಪ್‌ಅಡ್ಮಿನ್‌ನ ಷೋರೆಪಲ್ ಕಮಾಂಡ್ (repadmin /showrepl) ಕೊಡಿ, ಆರ್‌ಪಿಸಿ ಸರ್ವರ್ ಅನ್‌ಅವೈಲಬಲ್, ಅಂದ್ರೆ ಆ ಕಡೆ ಸರ್ವರ್ ಸಿಗ್ತಿಲ್ಲ ಅಂತ 1722 ಎರರ್ ಬರಬಹುದು. ಅದಕ್ಕೆ ಇಲ್ಲಿ ಎರಡು ಕಾರಣ ಸಾಧ್ಯ, ಯಾವುದು ಅಂತ ಗೊತ್ತು ಮಾಡ್ಕೊಳ್ಳೋಕೆ ಅಲ್ಲೇ ಕೂತು ಯೂನಿಟ್ ಸರ್ವರ್ ಹೆಸರು ಹಾಕಿ ಎನ್‌ಎಸ್‌ಲುಕಪ್ (ಡಿಎನ್‌ಎಸ್ ಯಾವ ಐಪಿ ಹೇಳುತ್ತೆ ಅಂತ ನೋಡೋ ಕಮಾಂಡ್) ಮಾಡಿ. 192.168.1.12 ಅಂತ ಉತ್ತರ ಬಂದ್ರೆ ತಪ್ಪು ಡಿಎನ್‌ಎಸ್‌ದು, 192.168.20.12 ಬಂದ್ರೆ ತಪ್ಪು ಫೈರ್‌ವಾಲ್‌ದು.

ಡಿಎನ್‌ಎಸ್ ಆಗಿದ್ರೆ ಅದರ ಹಿಂದೆ ಒಂದು ಗಂಟಿದೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಇದು ಅರ್ಥ ಆಗ್ದೆ ರಾತ್ರಿಯೆಲ್ಲ ಸರ್ವರ್ ರೀಸ್ಟಾರ್ಟ್ ಮಾಡ್ಕೊಂಡು ಕೂತವ್ರು ಬೇಕಾದಷ್ಟು ಜನ ಇದಾರೆ. ಯೂನಿಟ್ ಸರ್ವರ್ ತಾನೂ ಒಂದು ಡಿಎನ್‌ಎಸ್ ಸರ್ವರ್ರೇ, ಅದರ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಮೊದಲ ಡಿಎನ್‌ಎಸ್ ಅಂತ 127.0.0.1 (ಅಂದ್ರೆ ತಾನೇ) ಇದ್ರೆ ಹೊಸ ಐಪಿನ ತನ್ನೊಳಗೇ ಬರ್ಕೊಂಡು ಸುಮ್ನಾಗುತ್ತೆ. ಆ ದಾಖಲೆ ಹೆಡ್ ಆಫೀಸಿಗೆ ಹೋಗ್ಬೇಕು ಅಂದ್ರೆ ರೆಪ್ಲಿಕೇಷನ್ ಆಗ್ಬೇಕು, ರೆಪ್ಲಿಕೇಷನ್ ಆಗ್ಬೇಕು ಅಂದ್ರೆ ಹೆಡ್ ಆಫೀಸಿಗೆ ಹೊಸ ಐಪಿ ಗೊತ್ತಿರ್ಬೇಕು, ಗೊತ್ತಾಗ್ಬೇಕು ಅಂದ್ರೆ ಮತ್ತೆ ಆ ದಾಖಲೆನೇ ಬರ್ಬೇಕು. ಹಿಂಗೆ ಒಂದಕ್ಕೊಂದು ಕಾಯ್ತಾ ಕೂತಿರ್ತವೆ, ಎಷ್ಟು ದಿನ ಬಿಟ್ರೂ ತಾನಾಗೇ ಬಿಡಿಸ್ಕೊಳ್ಳಲ್ಲ.

ಬಿಡಿಸೋದು ಕಷ್ಟ ಏನಿಲ್ಲ. ಯೂನಿಟ್ ಸರ್ವರ್‌ನ ಮೊದಲ ಡಿಎನ್‌ಎಸ್ ಅಂತ ಹೆಡ್ ಆಫೀಸಿನ ಡೊಮೈನ್ ಕಂಟ್ರೋಲರ್ ಐಪಿ ಹಾಕಿ, 127.0.0.1 ಎರಡನೇದಾಗಿರ್ಲಿ. ಆಮೇಲೆ ಐಪಿಕಾನ್ಫಿಗ್ ರಿಜಿಸ್ಟರ್‌ಡಿಎನ್‌ಎಸ್ ಕೊಟ್ಟು ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಡೊಮೈನ್ ಕಂಟ್ರೋಲರ್ ಯಾವುದು ಅಂತ ಪಿಸಿಗಳಿಗೆ ಹೇಳೋ ಎಸ್‌ಆರ್‌ವಿ ರೆಕಾರ್ಡ್‌ಗಳನ್ನ ಬರೆಯೋದು ಆ ನೆಟ್‌ಲಾಗಾನೇ. ಈಗ ಹೊಸ ವಿಳಾಸ ನೇರವಾಗಿ ಹೆಡ್ ಆಫೀಸಿನ ಡಿಎನ್‌ಎಸ್‌ಗೇ ಬೀಳುತ್ತೆ. ಹೆಡ್ ಆಫೀಸಿನ ಡಿಎನ್‌ಎಸ್ ಕನ್ಸೋಲ್ ತೆಗೆದು 192.168.1.12 ಇನ್ನೂ ಎಲ್ಲೆಲ್ಲಿದೆ ಹುಡುಕಿ ಅಳಿಸಿ: ಸರ್ವರ್ ಹೆಸರಿನ ಎ ರೆಕಾರ್ಡ್, ಡೊಮೈನ್ ಹೆಸರಿಗೇ ಇರೋ ಸೇಮ್ ಆಸ್ ಪೇರೆಂಟ್ ಫೋಲ್ಡರ್ ಸಾಲು, ಜಿಸಿ (ಗ್ಲೋಬಲ್ ಕ್ಯಾಟಲಾಗ್) ಕೆಳಗಿರೋದು. ಕೊನೇಲಿ ನೆನಪಲ್ಲಿ ಉಳಿದಿರೋ ಹಳೇ ಉತ್ತರ ಅಳಿಸೋಕೆ ಫ್ಲಶ್‌ಡಿಎನ್‌ಎಸ್ ಕೊಡಿ. ಸರ್ವರ್‌ನ ನೆಟ್‌ವರ್ಕ್ ಕಾರ್ಡಲ್ಲಿ ಮಾತ್ರ ಯಾವ ಕಾರಣಕ್ಕೂ 8.8.8.8 (ಗೂಗಲ್‌ನ ಡಿಎನ್‌ಎಸ್) ಹಾಕ್ಬೇಡಿ, ಗೂಗಲ್‌ಗೆ ನಿಮ್ ಡೊಮೈನ್ ಎಲ್ಲಿದೆ ಅಂತ ಗೊತ್ತಿರಲ್ಲ. ಇಂಟರ್ನೆಟ್ಟಿಗೆ ಬೇಕು ಅಂದ್ರೆ ಅದನ್ನ ನಿಮ್ ಡಿಎನ್‌ಎಸ್ ಸರ್ವರ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ್ದನ್ನ ಕೇಳೋ ಜಾಗ) ಆಗಿ ಕೊಡಿ.

ಫೈರ್‌ವಾಲ್ ಆಗಿದ್ರೆ, ಪಿಂಗ್ ಹೋಗುತ್ತಲ್ಲ ಅಂತ ಸಮಾಧಾನ ಪಟ್ಕೋಬೇಡಿ, ಪಿಂಗ್ ಹೋಗೋದಕ್ಕೂ ರೆಪ್ಲಿಕೇಷನ್ ನಡೆಯೋದಕ್ಕೂ ಸಂಬಂಧ ಇಲ್ಲ. ವಿಪಿಎನ್ ರೂಟರಲ್ಲಿ ಸಾಮಾನ್ಯವಾಗಿ 53, 88, 389, 445 ಪೋರ್ಟ್‌ಗಳನ್ನ ತೆರೆದಿಟ್ಟಿರ್ತಾರೆ. ಆದ್ರೆ ರೆಪ್ಲಿಕೇಷನ್ ಮೊದಲು 135ಕ್ಕೆ ಹೋಗಿ ಯಾವ ಪೋರ್ಟಿಗೆ ಬರ್ಲಿ ಅಂತ ಕೇಳುತ್ತೆ, ಅಲ್ಲಿಂದ 49152 ರಿಂದ 65535ರ ಒಳಗಿನ ಯಾವುದೋ ಒಂದು ಪೋರ್ಟ್ ಸಿಗುತ್ತೆ, ಆಮೇಲೆ ಅದಕ್ಕೆ ಹೋಗುತ್ತೆ. ಆ ದೊಡ್ಡ ರೇಂಜ್ ಮುಚ್ಚಿದ್ರೆ 135 ತೆರೆದಿದ್ರೂ ಪ್ರಯೋಜನ ಇಲ್ಲ. ನಿಮ್ ಕೇಸಲ್ಲಿ ಒಂದೇ ದಿಕ್ಕು ಕೆಲಸ ಮಾಡ್ತಿದೆ, ಅಂದ್ರೆ ಯೂನಿಟ್‌ನಿಂದ ಹೆಡ್ ಆಫೀಸಿಗೆ ರೂಲ್ ಇದೆ, ಹೆಡ್ ಆಫೀಸಿಂದ ಯೂನಿಟ್‌ಗೆ ಇಲ್ಲದೇ ಇರಬಹುದು. ಇಡೀ ನೆಟ್‌ವರ್ಕಿಗೆ ತೆರೀಬೇಕಾಗಿಲ್ಲ, ಎರಡು ಸರ್ವರ್ ಐಪಿಗಳ ಮಧ್ಯೆ ಎರಡೂ ದಿಕ್ಕಿಗೆ ತೆರೆದ್ರೆ ಸಾಕು.

ಇನ್ನು ಲಾಗಿನ್ ನಿಧಾನ. ನೀವು ಸೈಟ್ ಮಾಡಿದ್ದು, ಸರ್ವರ್ ಮೂವ್ ಮಾಡಿದ್ದು ಬರ್ದಿದೀರ, ಸಬ್‌ನೆಟ್ (ಆ ಜಾಗದ ಐಪಿ ರೇಂಜ್) ಸೇರ್ಸಿದ್ದು ಬರ್ದಿಲ್ಲ. 192.168.20.0/24 ಅನ್ನೋ ಸಬ್‌ನೆಟ್ ಮಾಡಿ ಹೊಸ ಸೈಟಿಗೆ ಅಂಟಿಸದೇ ಇದ್ರೆ ಯೂನಿಟ್‌ನ ಪಿಸಿಗಳಿಗೆ ತಾವು ಯಾವ ಸೈಟಲ್ಲಿದೀವಿ ಅಂತ ಗೊತ್ತಾಗಲ್ಲ, ಹತ್ತಿರದಲ್ಲೇ ಸರ್ವರ್ ಇಟ್ಕೊಂಡು ವಿಪಿಎನ್ ಮೇಲೆ ಹೆಡ್ ಆಫೀಸ್ ತನಕ ಹೋಗಿ ಪಾಲಿಸಿ, ಸ್ಕ್ರಿಪ್ಟು ಎಲ್ಲ ಎಳ್ಕೊಂಡು ಬರ್ತವೆ. ಖಾತ್ರಿ ಮಾಡ್ಕೊಳ್ಳೋಕೆ ಹೆಡ್ ಆಫೀಸಿನ ಸರ್ವರ್‌ನಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಡೀಬಗ್ ಅಂತ ಫೋಲ್ಡರ್ ಇದೆ, ಅದ್ರಲ್ಲಿ ನೆಟ್‌ಲಾಗಾನ್ ಲಾಗ್ ಫೈಲ್ ತೆಗೀರಿ. ನೋ ಕ್ಲೈಂಟ್ ಸೈಟ್ ಅಂತ ಸಾಲುಗಳಿದ್ದು ಪಕ್ಕದಲ್ಲಿ ಪಿಸಿ ಹೆಸರು, 192.168.20 ಇಂದ ಶುರುವಾಗೋ ಐಪಿ ಕಂಡ್ರೆ ಇನ್ನು ಅನುಮಾನನೇ ಬೇಡ. ಸಬ್‌ನೆಟ್ ಸೇರ್ಸಿದ್ಮೇಲೆ ಒಂದು ಪಿಸಿ ರೀಸ್ಟಾರ್ಟ್ ಮಾಡಿ ಎನ್‌ಎಲ್‌ಟೆಸ್ಟ್ ಡಿಎಸ್‌ಗೆಟ್‌ಸೈಟ್ ಕೊಟ್ಟು ನೋಡಿ, ಯೂನಿಟ್ ಸೈಟಿನ ಹೆಸರು ಬರ್ಬೇಕು. ಜೊತೆಗೆ ಯೂನಿಟ್‌ನಲ್ಲಿ ಡಿಎಚ್‌ಸಿಪಿ (ಪಿಸಿಗಳಿಗೆ ಐಪಿ, ಡಿಎನ್‌ಎಸ್ ಹಂಚೋ ಸರ್ವಿಸ್) ಕೊಡ್ತಿರೋದು ಯಾರು ನೋಡಿ, ಇಂಟರ್ನೆಟ್ ರೂಟರ್ ಆಗಿದ್ರೆ ಅದು ತನ್ನನ್ನೇ ಡಿಎನ್‌ಎಸ್ ಅಂತ ಹಂಚ್ತಿರುತ್ತೆ, ಅಲ್ಲಿ 192.168.20.12 ಹಾಕಿ.

ಮಧ್ಯಾಹ್ನ ಕಾಣಿಸ್ಕೊಳ್ಳೋ ಯೂಸರ್ ವಿಚಾರ ಸುಲಭ. ಬೇರೆ ಬೇರೆ ಸೈಟ್ ಅಂದ ತಕ್ಷಣ ರೆಪ್ಲಿಕೇಷನ್ ಡಿಫಾಲ್ಟಾಗಿ 180 ನಿಮಿಷಕ್ಕೊಂದ್ಸಲ. ಸೈಟ್ ಲಿಂಕ್ ಪ್ರಾಪರ್ಟೀಸಲ್ಲಿ ಅದನ್ನ 15 ಮಾಡಿ, ಅದಕ್ಕಿಂತ ಕಮ್ಮಿ ಅಲ್ಲಿ ಹಾಕೋಕೆ ಬರಲ್ಲ, ನಿಮ್ಮಷ್ಟು ಆಫೀಸಿಗೆ 15 ಧಾರಾಳ ಆಯ್ತು.

ಎರಡು ಎಚ್ಚರಿಕೆ ಹೇಳ್ಲೇಬೇಕು. ಸರ್ವರ್ ವರ್ಚುವಲ್ ಮೆಷಿನ್ ಆಗಿದ್ರೆ ಸರಿ ಹೋಗ್ತಿಲ್ಲ ಅಂತ ಹಳೇ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋಗ್ಬೇಡಿ. 2012ಕ್ಕಿಂತ ಹಿಂದಿನ ವಿಂಡೋಸ್ ಸರ್ವರ್‌ನಲ್ಲಿ ಹಂಗೆ ಮಾಡಿದ್ರೆ ಯುಎಸ್‌ಎನ್ ರೋಲ್‌ಬ್ಯಾಕ್ (ಬದಲಾವಣೆಗಳ ಎಣಿಕೆ ಹಿಂದಕ್ಕೆ ಹೋಗೋದು) ಆಗಿ ಎರಡೂ ಸರ್ವರ್‌ನ ಲೆಕ್ಕ ತಾಳೆ ತಪ್ಪುತ್ತೆ, ಆಗ ನಿಜವಾಗ್ಲೂ ಅದನ್ನ ತೆಗೆದುಹಾಕೋ ಪರಿಸ್ಥಿತಿ ಬರುತ್ತೆ. ಇನ್ನೊಂದು, ಆಮೇಲೆ ನೋಡೋಣ ಅಂತ ತಿಂಗಳುಗಟ್ಟಲೆ ಮುಂದೂಡಬೇಡಿ. ಈಗಿನ ಡೊಮೈನ್‌ಗಳಲ್ಲಿ ಸಾಮಾನ್ಯವಾಗಿ 180 ದಿನ ದಾಟಿ ರೆಪ್ಲಿಕೇಷನ್ ನಿಂತಿದ್ರೆ ಡೈರೆಕ್ಟರಿನೇ ಆ ಸರ್ವರ್‌ನಿಂದ ತಗೊಳ್ಳೋಕೆ ಒಪ್ಪಲ್ಲ, 8614 ಎರರ್ ಕೊಡುತ್ತೆ. ನೀವು ಈಗ್ಲೇ ಕೇಳಿದ್ದು ಒಳ್ಳೇದಾಯ್ತು.

ಪ್ರಶ್ನೆ: ಸಾರ್, ಕೋಲಾರದಲ್ಲಿರೋ ನಮ್ಮ ಆಫೀಸ್ ಮಾಲೂರಿಗೆ ಶಿಫ್ಟ್ ಆಗ್ತಿದೆ. ಇರೋದೇ ಒಂದು ಡೊಮೈನ್ ಕಂಟ್ರೋಲರ್, ಐಪಿ ಬದಲಾಗುತ್ತೆ. ಹೋಗೋ ಮುಂಚೆ ಏನು ಮಾಡ್ಕೋಬೇಕು?
— ಓದುಗರು, ಕೋಲಾರ

ಉತ್ತರ: ಮುಂಚೆ ಕೇಳಿದ್ದಕ್ಕೆ ತುಂಬಾ ಖುಷಿ ಆಯ್ತು. ಸಾಧ್ಯ ಇದ್ರೆ ಎರಡನೇದೊಂದು ಡೊಮೈನ್ ಕಂಟ್ರೋಲರ್ ಮಾಡಿ ಆಮೇಲೆ ಹೊರಡಿ, ಟೆಂಪೋದಲ್ಲಿ ಡಿಸ್ಕ್ ಏಟು ತಿಂದ್ರೆ ಇಡೀ ಆಫೀಸಿನ ಪಾಸ್‌ವರ್ಡು ಅದರ ಜೊತೆಗೇ ಹೋಗುತ್ತೆ. ಆಗಲ್ಲ ಅಂದ್ರೆ ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಡೈರೆಕ್ಟರಿ ಸಮೇತ ಬರೋದು) ಬೇರೆ ಡಿಸ್ಕಲ್ಲಿ ತಗೊಂಡು ಬೇರೆ ಗಾಡೀಲಿ ಕಳ್ಸಿ. ಆಮೇಲೆ ಹಳೇ ಐಪಿನ ಕೈಯಲ್ಲಿ ಟೈಪ್ ಮಾಡಿರೋ ಜಾಗಗಳನ್ನೆಲ್ಲ ಪಟ್ಟಿ ಮಾಡಿ: ಹಾಜರಾತಿ ಮೆಷಿನ್, ಝೆರಾಕ್ಸ್ ಮೆಷಿನ್ನಿನ ಅಡ್ರೆಸ್ ಬುಕ್, ನಾಸ್ ಬಾಕ್ಸ್ (ನೆಟ್‌ವರ್ಕಲ್ಲಿ ಫೈಲ್ ಇಡೋದು), ವೈಫೈ ಕಂಟ್ರೋಲರ್, ಸ್ಟ್ಯಾಟಿಕ್ ಐಪಿ ಕೊಟ್ಟಿರೋ ಅಕೌಂಟ್ಸ್ ಸೆಕ್ಷನ್ ಪಿಸಿ. ಅವುಗಳಲ್ಲಿ ಐಪಿ ತೆಗೆದು ಸರ್ವರ್ ಹೆಸರು ಹಾಕಿಡಿ. ಡಿಎನ್‌ಎಸ್ ಸೆಟ್ಟಿಂಗಲ್ಲಿ ಮಾತ್ರ ಹೆಸರು ನಡೆಯಲ್ಲ, ಅದನ್ನ ಅಲ್ಲಿ ಹೋದ್ಮೇಲೆ ಹೊಸ ಐಪಿಗೆ ಬದಲಾಯಿಸ್ಬೇಕು. ಸರ್ವರ್ ಆನ್ ಮಾಡಿದ ಮೇಲೆ ಟೈಮ್ ನೋಡೋದು ಮರೀಬೇಡಿ, ಸರ್ವರ್‌ಗೂ ಪಿಸಿಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆದ್ರೆ ಲಾಗಿನ್ ಪರೀಕ್ಷೆ ಮಾಡೋ ಕರ್ಬರೋಸ್ ಒಳಗೆ ಬಿಡಲ್ಲ, ಮದರ್‌ಬೋರ್ಡಿನ ಸೆಲ್ ಹಳೇದಾಗಿದ್ರೆ ಎರಡು ದಿನ ಆಫ್ ಆಗಿದ್ದಕ್ಕೇ ಟೈಮ್ ಎಲ್ಲೆಲ್ಲೋ ಹೋಗಿರುತ್ತೆ.

ಪ್ರಶ್ನೆ: ನಮ್ ಕಾಲೇಜಿನ ಲ್ಯಾಬಲ್ಲಿ ಡೆಬಿಯನ್ (ಲಿನಕ್ಸ್) ಮೇಲೆ ಓಪನ್‌ಎಲ್‌ಡ್ಯಾಪ್ ಇದೆ, ಯೂಸರ್‌ಗಳ ಡೈರೆಕ್ಟರಿ ಅದು. ಹೊಸ ಬ್ಲಾಕಿಗೆ ಸ್ಥಳಾಂತರಿಸಿ ಐಪಿ ಬದಲಾಯಿಸಿದ್ಮೇಲೆ ಅದರ ಸರ್ವಿಸ್ ಸ್ಲ್ಯಾಪ್‌ಡಿ ಸ್ಟಾರ್ಟೇ ಆಗ್ತಿಲ್ಲ. ಡೇಟಾ ಹೋಯ್ತಾ ಅಂತ ಮೇಡಂ ಕೇಳ್ತಿದಾರೆ.
— ಲ್ಯಾಬ್ ಅಸಿಸ್ಟೆಂಟ್, ಗೌರಿಬಿದನೂರು

ಉತ್ತರ: ಐಪಿ ಬದಲಾಯಿಸಿದ್ದಕ್ಕೆ ಡೇಟಾ ಹೋಗಲ್ಲ, ಮೇಡಂಗೆ ಧೈರ್ಯ ಹೇಳಿ. ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಲ್ಲಿ ಸ್ಲ್ಯಾಪ್‌ಡಿ ಅಂತ ಫೈಲ್ ಇದೆ, ಅದ್ರಲ್ಲಿ ಸ್ಲ್ಯಾಪ್‌ಡಿ ಸರ್ವಿಸಸ್ ಅನ್ನೋ ಸಾಲಲ್ಲಿ ಯಾರೋ ಹಳೇ ಐಪಿ ಬರ್ದಿದ್ರೆ ಈಗ ಆ ಐಪಿ ಮೆಷಿನ್ನಲ್ಲಿ ಇಲ್ಲ, ಇಲ್ಲದಿರೋ ಐಪಿಗೆ ಬೈಂಡ್ ಆಗೋಕೆ ಹೋಗಿ ನಿಂತ್ಕೊಳ್ಳುತ್ತೆ. ಹೊಸ ಐಪಿ ಹಾಕಿ ಸ್ಟಾರ್ಟ್ ಮಾಡಿ. ಇನ್ನೊಂದು ಸರ್ವರ್ ಇದರಿಂದ ಕಾಪಿ ತಗೊಳ್ತಿದ್ರೆ ಅದರ ಸಿಂಕ್‌ರೆಪಲ್ (ಕಾಪಿ ತಗೊಳ್ಳೋ) ಸೆಟ್ಟಿಂಗಲ್ಲಿ ಪ್ರೊವೈಡರ್ ಅಡ್ರೆಸ್ ಕೂಡ ತಿದ್ದಿ. ಪಿಸಿಗಳಲ್ಲಿ 636 ಪೋರ್ಟ್ (ಸರ್ಟಿಫಿಕೇಟ್ ಇರೋ ಸುರಕ್ಷಿತ ಕನೆಕ್ಷನ್) ಬಳಸ್ತಿದ್ರೆ ಐಪಿ ಬದಲು ಸರ್ಟಿಫಿಕೇಟಲ್ಲಿರೋ ಹೆಸರನ್ನೇ ಹಾಕಿ, ಹೆಸರು ತಾಳೆ ಆಗ್ಲಿಲ್ಲ ಅಂದ್ರೆ ಸರ್ವರ್ ಸರಿಯಾಗಿ ಓಡ್ತಿದ್ರೂ ಪಿಸಿ ಕನೆಕ್ಟ್ ಆಗಲ್ಲ.