ಅಜ್ಜಿಯ ನಲವತ್ತು ಫೋಟೊಗಳು ಎಷ್ಟೆಷ್ಟು ಹೊತ್ತು ನಿಲ್ಲಬೇಕು?

ನಮಸ್ಕಾರ. ಅಜ್ಜಿ ಹಪ್ಪಳ ಲಟ್ಟಿಸುವ ನಲವತ್ತು ಫೋಟೊಗಳಿವೆ, ಅವರು ತಲೆಯೆತ್ತಿ ನಗುವ ಆರು ಸೆಕೆಂಡಿನ ವಿಡಿಯೊ ತುಣುಕೊಂದಿದೆ. ಪೋಣಿಸಿದರೆ ಅದು ಛಾಯಾಚಿತ್ರವೋ ಸಿನಿಮಾವೋ, ಸ್ಪರ್ಧೆಯ ಯಾವ ವಿಭಾಗಕ್ಕೆ ಕಳುಹಿಸಬೇಕು ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದ ಇಬ್ಬರು ‘ಬರೀ ಸ್ಲೈಡ್ ಶೋ’ ಎಂದು ತಳ್ಳಿಹಾಕಿದ್ದಾರೆ. ನಾನು ಒಪ್ಪುವುದಿಲ್ಲ.

ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆಟೆ’ ಸಿನಿಮಾವನ್ನು ಒಮ್ಮೆ ನೋಡಿ. 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳೇ. ಒಂದೇ ಒಂದು ಕಡೆ, ಮಲಗಿದ ಹೆಂಗಸು ಕಣ್ಣು ತೆರೆಯುವಾಗ, ಚಿತ್ರ ಕೆಲವು ಸೆಕೆಂಡು ಚಲಿಸುತ್ತದೆ. ಮೊದಲ ಸಲ ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡಬೇಕಾಯಿತು. ಅದಕ್ಕೆ ಮುಂಚಿನ ತಯಾರಿಯನ್ನು ಗಮನಿಸಿ: ಅವಳು ಮಲಗಿದ ಭಂಗಿಗಳು ಒಂದರೊಳಗೊಂದು ಕರಗುತ್ತ ಬರುತ್ತವೆ, ಹಕ್ಕಿಗಳ ಸದ್ದು ಏರುತ್ತ ಹೋಗುತ್ತದೆ.

ಆದ್ದರಿಂದ ಅಜ್ಜಿಯ ನಗುವನ್ನು ಮೊದಲೇ ಖರ್ಚು ಮಾಡಬೇಡಿ; ಮುಕ್ಕಾಲು ಪಾಲು ಕಳೆದ ಮೇಲೆ ಬರಲಿ. ಎಲ್ಲ ಫೋಟೊಗಳಿಗೂ ಸಮನಾಗಿ ನಾಲ್ಕು ಸೆಕೆಂಡು ಹಂಚುವುದೂ ಬೇಡ, ಅಲ್ಲಿಯೇ ಸ್ಲೈಡ್ ಶೋ ಹುಟ್ಟುವುದು. ಲಟ್ಟಣಿಗೆ ಹಿಡಿದ ಕೈಗೆ ಎರಡು ಸೆಕೆಂಡು ಸಾಕು. ಹಳೆಯ ಸೀರೆಯ ಮೇಲೆ ಹಪ್ಪಳ ಹರಡಿದ ಅಂಗಳಕ್ಕೆ ಎಂಟೋ ಹತ್ತೋ ಕೊಡಿ, ನೋಡುವವರ ಕಣ್ಣು ಒಂದು ಸುತ್ತು ಹಾಕಿ ಬರಲಿ. ತಂತ್ರಾಂಶ ತಾನಾಗಿ ಹಚ್ಚುವ ಜೂಮ್ ಅನ್ನು ದಯವಿಟ್ಟು ತೆಗೆದುಹಾಕಿ. ಹಿನ್ನೆಲೆಗೆ ಕೊಳಲು, ಪಿಟೀಲು ಏನೂ ಬೇಡ. ಮುಂದಿನ ಸಲ ಊರಿಗೆ ಹೋದಾಗ ಲಟ್ಟಣಿಗೆಯ ಸದ್ದು, ಅಜ್ಜಿ ಕಾಗೆ ಓಡಿಸುವ ಕೂಗು ಇಷ್ಟನ್ನು ಮೊಬೈಲಿನಲ್ಲಿ ಹತ್ತು ನಿಮಿಷ ಮುದ್ರಿಸಿಕೊಳ್ಳಿ.

ವಿಡಿಯೊದಿಂದ ಒಂದು ಫ್ರೇಮ್, ಅಂದರೆ ಒಂದು ಬಿಡಿಚಿತ್ರ, ತೆಗೆದು ಮುದ್ರಿಸಬಹುದೇ ಎಂದೂ ಕೇಳಿದ್ದೀರಿ. 4ಕೆ ಫ್ರೇಮ್ ಎಂದರೆ 3840×2160, ಸುಮಾರು 83 ಲಕ್ಷ ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 12 ಇಂಚು ಅಗಲದವರೆಗೆ ಚೆನ್ನಾಗಿಯೇ ಬರುತ್ತದೆ. ತೊಡಕಿರುವುದು ಷಟರ್ ವೇಗದಲ್ಲಿ, ಅಂದರೆ ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತಿನಲ್ಲಿ. 1/50 ಸೆಕೆಂಡಿನಲ್ಲಿ ವಿಡಿಯೊ ನಯವಾಗಿ ಹರಿಯುತ್ತದೆ, ಆದರೆ ಕಿತ್ತ ಫ್ರೇಮಿನಲ್ಲಿ ಕೈ ಮಸುಕು. 1/200ಕ್ಕೆ ಏರಿಸಿದರೆ ಫ್ರೇಮ್ ಚೂಪಾಗಿರುತ್ತದೆ, ಚಲನೆ ಮಾತ್ರ ತಡವರಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ 1/50 ಅಥವಾ 1/100 ಬಿಟ್ಟು ಹೋಗಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ; ಬೇರೆ ವೇಗದಲ್ಲಿ ಪಟ್ಟೆಗಳು ಮೂಡುತ್ತವೆ.

ಮಸುಕನ್ನು ದೋಷ ಎಂದುಕೊಳ್ಳಲೂ ಬೇಕಿಲ್ಲ. ಜಪಾನಿನ ಛಾಯಾಗ್ರಾಹಕ ಹಿರೋಷಿ ಸುಗಿಮೊಟೊ 1970ರ ದಶಕದಲ್ಲಿ ಚಿತ್ರಮಂದಿರಗಳಲ್ಲಿ ಕ್ಯಾಮೆರಾ ನಿಲ್ಲಿಸಿ, ಸಿನಿಮಾ ಮುಗಿಯುವವರೆಗೂ ಷಟರ್ ತೆರೆದೇ ಇಟ್ಟರು. ಎರಡು ತಾಸಿನ ಸಿನಿಮಾ ಎಂದರೆ ಸೆಕೆಂಡಿಗೆ 24ರಂತೆ 1,72,800 ಫ್ರೇಮ್. ಅಷ್ಟೂ ಸೇರಿ ಪರದೆ ಬರೀ ಬೆಳ್ಳಗೆ, ಆ ಬೆಳಕಿನಲ್ಲಿ ಖಾಲಿ ಕುರ್ಚಿಗಳು, ಗೋಡೆಯ ಕುಸುರಿ.

ಇನ್ನು ಸ್ಪರ್ಧೆಯ ವಿಭಾಗ. ಚಿತ್ರ ಎಷ್ಟು ಹೊತ್ತು ಕಾಣಬೇಕೆಂದು ನೀವು ನಿರ್ಧರಿಸಿದ್ದರೆ ವಿಡಿಯೊ ವಿಭಾಗಕ್ಕೆ ಕಳುಹಿಸಿ. ನೋಡುವವರೇ ನಿಂತು, ಮುಂದೆ ಹೋಗಿ, ಮತ್ತೆ ತಿರುಗಿ ಬರಲಿ ಎನ್ನುವುದಾದರೆ ಹನ್ನೆರಡನ್ನು ಆರಿಸಿ ಮುದ್ರಿಸಿ, ಫೋಟೊ ವಿಭಾಗಕ್ಕೆ ಹಾಕಿ. ನಲವತ್ತೂ ಬೇಡ. ಲಟ್ಟಣಿಗೆಯ ಫೋಟೊಗಳೇ ಒಂಬತ್ತಿವೆ ನಿಮ್ಮಲ್ಲಿ.