ಸ್ಕ್ರಿಪ್ಟ್ ಟ್ಯಾಗ್ ತೆಗೆದರೆ ಸಾಕಾ?

ಬಳಕೆದಾರರು ಎಡಿಟರ್‌ನಲ್ಲಿ ಬರೆದ ಎಚ್‌ಟಿಎಂಎಲ್‌ನಿಂದ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬಳಸಿ ಸ್ಕ್ರಿಪ್ಟ್ ಟ್ಯಾಗ್ ತೆಗೆದು, ಉಳಿದದ್ದನ್ನು ಪುಟದೊಳಗೆ ಸೇರಿಸಲು ಇನ್ನರ್‌ಎಚ್‌ಟಿಎಂಎಲ್‌ಗೆ ಹಾಕುತ್ತಿದ್ದೇನೆ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು.

ತಮಾಷೆ ಅಂದರೆ, ಇನ್ನರ್‌ಎಚ್‌ಟಿಎಂಎಲ್ ಮೂಲಕ ಸೇರಿಸಿದ ಸ್ಕ್ರಿಪ್ಟ್ ಟ್ಯಾಗನ್ನು ಬ್ರೌಸರ್ ಹೇಗೂ ಓಡಿಸುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ತಪ್ಪು ವಿಳಾಸದ ಒಂದು ಇಮೇಜ್ ಟ್ಯಾಗ್, ಅದರಲ್ಲೊಂದು ಆನ್‌ಎರರ್ ಆಟ್ರಿಬ್ಯೂಟ್. ಚಿತ್ರ ಸಿಗಲಿಲ್ಲ ಅಂದ ಕೂಡಲೇ ಅದರಲ್ಲಿ ಬರೆದ ಕೋಡ್ ಪುಟ ನೋಡುವವರ ಬ್ರೌಸರ್‌ನಲ್ಲಿ ಓಡುತ್ತದೆ. ಲಿಂಕ್‌ನ ವಿಳಾಸ 'ಜಾವಾಸ್ಕ್ರಿಪ್ಟ್:' ಅಂತ ಶುರುವಾದರೆ, ಕ್ಲಿಕ್ ಮಾಡಿದಾಗ ಅದೇ ಕಥೆ. ಆ ಪದವನ್ನೂ ಹುಡುಕಿ ಅಳಿಸುತ್ತೇನೆ ಅಂತೀರಾ? ಮೈಸ್ಪೇಸ್ ಅನ್ನೋ ಸಾಮಾಜಿಕ ಜಾಲತಾಣ ಅದನ್ನೇ ಮಾಡಿತ್ತು. 2005ರಲ್ಲಿ ಸ್ಯಾಮಿ ವರ್ಮ್ (ತಾನೇ ಹರಡುವ ಕೋಡ್) ಆ ಪದದ ನಡುವೆ ಒಂದು ಹೊಸ ಸಾಲು ತೂರಿಸಿ ನುಣುಚಿಕೊಂಡಿತು. ಒಂದು ದಿನದೊಳಗೆ 10 ಲಕ್ಷಕ್ಕೂ ಜಾಸ್ತಿ ಪ್ರೊಫೈಲ್‌ಗಳಿಗೆ ಹಬ್ಬಿತು.

ಕೆಟ್ಟದ್ದನ್ನು ಹುಡುಕುತ್ತಾ ಹೋದರೆ ಮುಗಿಯುವುದೇ ಇಲ್ಲ. ಬೇಕಾದ್ದನ್ನಷ್ಟೇ ಒಳಗೆ ಬಿಡಿ. ಸ್ವಂತ ಫಿಲ್ಟರ್ ಬರೆಯುವ ಆಸೆ ಬೇಡ, ಡಾಮ್‌ಪ್ಯೂರಿಫೈ ಅನ್ನೋ ಲೈಬ್ರರಿ ಹಾಕಿ. ಅದು ಬ್ರೌಸರ್‌ನ ಪಾರ್ಸರ್‌ನಿಂದಲೇ ಓದಿಸಿ, ಅನುಮತಿ ಇರುವ ಟ್ಯಾಗ್, ಆಟ್ರಿಬ್ಯೂಟ್‌ಗಳನ್ನು ಮಾತ್ರ ಉಳಿಸುತ್ತದೆ. ಅದರ ಡೀಫಾಲ್ಟ್ ಪಟ್ಟಿ ದೊಡ್ಡದು. ನಿಮಗೆ ದಪ್ಪಕ್ಷರ, ಲಿಂಕ್ ಸಾಕು ಅಂದರೆ ಅಷ್ಟನ್ನೇ ಕೊಡಿ.

ಶುದ್ಧ ಮಾಡಿದ ಸ್ಟ್ರಿಂಗನ್ನು ಆಮೇಲೆ ಮತ್ತೆ ತಿದ್ದಬೇಡಿ. ತುಂಬಾ ಜನ ಎಡವುವುದು ಇಲ್ಲೇ: ಶುದ್ಧ ಮಾಡುತ್ತಾರೆ, ನಂತರ ಸುಮ್ನೆ ಒಂದು ರಿಪ್ಲೇಸ್ ಓಡಿಸಿ ತೂತು ಮಾಡುತ್ತಾರೆ. ಲೈಬ್ರರಿಯನ್ನು ಅಪ್‌ಡೇಟ್ ಮಾಡುತ್ತಿರಿ, ಅದನ್ನೂ ದಾಟುವ ದಾರಿಗಳು ಆಗಾಗ ಸಿಗುತ್ತವೆ. ಯಾವ ಕೋಡ್ ಓಡಬಹುದು ಅಂತ ಬ್ರೌಸರ್‌ಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯೂ ಇರಲಿ, ಆದರೆ ಎರಡನೇ ಗೋಡೆಯಾಗಿ.

ಅಂದಹಾಗೆ, ಹೆಸರಿನಂಥ ಜಾಗದಲ್ಲಿ ಫಾರ್ಮ್ಯಾಟಿಂಗ್ ಬೇಕಿಲ್ಲ ಅಲ್ವಾ? ಅಲ್ಲಿ ಎಲ್ಲವನ್ನೂ ಬರೀ ಪಠ್ಯವಾಗಿ ತೋರಿಸುವ ಟೆಕ್ಸ್ಟ್‌ಕಂಟೆಂಟ್ ಬಳಸಿ, ಈ ರಗಳೆಯೇ ಇರುವುದಿಲ್ಲ.